ಬಾಲದ ಫೇರಿಂಗ್ ತಕರಾರು: ಗಾಳಿ, ಸದ್ದು, ನೀರು ಎಲ್ಲಿಂದ ಬರುತ್ತಿದೆ?

ಮನೆಯಲ್ಲೇ ಕಟ್ಟಿದ ವಿಮಾನದ ಬಾಲದಲ್ಲಿ, ಭಾಗಗಳು ಸೇರುವ ಕಡೆ ಮುಚ್ಚುವ ಹೊದಿಕೆಯಾದ ಫೇರಿಂಗ್‌ನ ಸುತ್ತ, ಸಂದು ಉಳಿದಿದ್ದರೆ ಅದು ಮೊದಲು ಗೊತ್ತಾಗುವುದು ಸೀಟಿನಲ್ಲಿ ಕೂತವರಿಗೆ. ಕತ್ತಿನ ಹಿಂದೆ ತಣ್ಣನೆ ಗಾಳಿ ಸುಳಿಯುತ್ತದೆ. ಹೀಟರ್ ಪೂರ್ತಿ ಎಳೆದರೂ ಕ್ಯಾಬಿನ್ ಬೆಚ್ಚಗಾಗುವುದಿಲ್ಲ. ಕೆಲವೊಮ್ಮೆ ಎಂಜಿನ್ ಹೊಗೆಯ ವಾಸನೆಯೂ ಬರುತ್ತದೆ. ಆಗ ಎಲ್ಲರೂ ಹುಡುಕುವುದು ಮುಂದುಗಡೆ: ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಾದ ಫೈರ್‌ವಾಲ್‌ನ ತೂತುಗಳು, ಎಕ್ಸಾಸ್ಟ್ ಪೈಪಿನ ಬಿಸಿಯಿಂದ ಗಾಳಿ ಕಾಯಿಸುವ ಹೀಟರ್ ಮಫ್, ಸೀಟಿನ ಮೇಲಿನ ಪಾರದರ್ಶಕ ಮುಚ್ಚಳವಾದ ಕ್ಯಾನೊಪಿಯ ರಬ್ಬರ್. ಅಲ್ಲಿ ನೋಡಲೇಬೇಕು, ಸರಿ. ಆದರೆ ಅಲ್ಲೆಲ್ಲ ಮುಚ್ಚಿದ ಮೇಲೂ ಗಾಳಿ ನಿಲ್ಲದಿದ್ದರೆ ಹಿಂದಕ್ಕೆ ಹೋಗಿ, ಬಾಲ ನೋಡಿ.

ಇಲ್ಲಿ ಬರೆದಿರುವುದು ವ್ಯಾನ್ಸ್ ಏರ್‌ಕ್ರಾಫ್ಟ್‌ನ ಆರ್‌ವಿ-7 ಮತ್ತು ಅದರ ಅಣ್ಣತಮ್ಮಂದಿರ ಬಗ್ಗೆ. ಅಮೆರಿಕದ ಆರೆಗಾನ್ ರಾಜ್ಯದ ಅರೋರಾದಿಂದ ಬರುವ ಕಿಟ್ ಇದು. ಅಕ್ಕಪಕ್ಕ ಎರಡು ಸೀಟು, ಮೈಯೆಲ್ಲ ಅಲ್ಯೂಮಿನಿಯಂ ತಗಡು, ತುದಿ ಮತ್ತು ಮೂಲೆಗಳಿಗೆ ಫೈಬರ್‌ಗ್ಲಾಸ್ ಫೇರಿಂಗ್. ಬಾಲದಲ್ಲಿ ಇಂಥವು ಹಲವು ಇವೆ. ಫಿನ್ (ಬಾಲದ ನೆಟ್ಟಗಿನ ರೆಕ್ಕೆ) ಮತ್ತು ಸ್ಟೆಬಿಲೈಸರ್ (ಬಾಲದ ಅಡ್ಡ ರೆಕ್ಕೆ) ಮೈಗೆ ಸೇರುವ ಕಡೆ ಕೂರುವ ದೊಡ್ಡ ಫೇರಿಂಗ್, ಅದರ ಕೆಳಗೆ ಅಕ್ಕಪಕ್ಕದ ಅಲ್ಯೂಮಿನಿಯಂ ಮುಚ್ಚಳಗಳು, ಸ್ಟೆಬಿಲೈಸರ್ ಮತ್ತು ಅದರ ಹಿಂದೆ ಮೇಲೆ ಕೆಳಗೆ ಆಡುವ ಎಲಿವೇಟರ್ ತುದಿಗಳು, ಫಿನ್‌ನ ತಲೆ, ಅದರ ಹಿಂದೆ ಎಡ ಬಲ ಆಡುವ ರಡ್ಡರ್‌ನ ತಲೆ ಮತ್ತು ಬುಡ. ತಕರಾರು ಜಾಸ್ತಿ ಬರುವುದು ಮೊದಲನೆಯದರಲ್ಲಿ. ಅದು ಒಂದೇ ತುಂಡು. ಆದರೆ ಮೂರು ಬೇರೆ ಬೇರೆ ಬಾಗುಗಳ ಮೇಲೆ ಒಟ್ಟಿಗೆ ಕೂರಬೇಕು. ಮನೆಯಲ್ಲಿ ಕಟ್ಟಿದ ಎರಡು ವಿಮಾನಗಳಲ್ಲಿ ಆ ಬಾಗುಗಳು ಒಂದೇ ಥರ ಇರುವುದಿಲ್ಲ.

ಗಾಳಿ ಹಿಂದಿನಿಂದ ಮುಂದಕ್ಕೆ ಯಾಕೆ ಬರುತ್ತದೆ

ಇದು ಅರ್ಥವಾದರೆ ಅರ್ಧ ಕೆಲಸ ಮುಗಿಯಿತು. ಹಾರುವಾಗ ಕ್ಯಾನೊಪಿಯ ಉಬ್ಬಿನ ಮೇಲೆ ಗಾಳಿ ಜೋರಾಗಿ ಹರಿಯುತ್ತದೆ, ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಕ್ಯಾನೊಪಿ ಅಂಚಿನ ಸಣ್ಣ ಸಂದುಗಳಿಂದ ಕ್ಯಾಬಿನ್ ಗಾಳಿ ಹೊರಗೆ ಎಳೆದುಹೋಗುತ್ತದೆ. ಖಾಲಿಯಾದ ಜಾಗಕ್ಕೆ ಬೇರೆ ಗಾಳಿ ಬರಲೇಬೇಕಲ್ವಾ? ಅದಕ್ಕೆ ಸಲೀಸಾದ ದಾರಿ ಬಾಲದ ಟೊಳ್ಳು. ಎಲಿವೇಟರನ್ನು ಅಲುಗಿಸುವ ಹಾರ್ನ್ ಎಂಬ ತೋಳು ಓಡಾಡುವ ಸೀಳು, ಫೇರಿಂಗ್ ಅಂಚಿನ ಸಂದು, ಮುಚ್ಚಳಗಳ ಮೂಲೆ, ಇವುಗಳಿಂದ ಒಳಗೆ ಬಂದ ಗಾಳಿ ಮೈಯ ಒಳಗೇ ಮುಂದಕ್ಕೆ ಹರಿದು, ಲಗೇಜ್ ಗೋಡೆಯ ತೂತುಗಳಿಂದ ನಿಮ್ಮ ಬೆನ್ನಿಗೆ ಬಂದು ತಾಗುತ್ತದೆ.

ತಣ್ಣನೆ ಗಾಳಿ ಬರೀ ಕಿರಿಕಿರಿ. ಭಯಪಡಬೇಕಾದ್ದು ಅದರ ಜೊತೆ ಬರುವುದಕ್ಕೆ. ಆರ್‌ವಿಯ ಎಕ್ಸಾಸ್ಟ್ ಪೈಪುಗಳು ಹೊಟ್ಟೆಯ ಕೆಳಗೆ ತೆರೆಯುತ್ತವೆ. ಹೊಗೆ ಹೊಟ್ಟೆಗೆ ಅಂಟಿಕೊಂಡಂತೆ ಬಾಲದ ತನಕ ಹೋಗುತ್ತದೆ. ಅಲ್ಲಿ ಒಳಗೆ ಎಳೆಯುವ ಸಂದು ಇದ್ದರೆ ಕಾರ್ಬನ್ ಮಾನಾಕ್ಸೈಡ್ ಸೀದಾ ಕ್ಯಾಬಿನ್‌ಗೆ ಬರುತ್ತದೆ. ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ. ಎತ್ತರದಲ್ಲಿ ಆಮ್ಲಜನಕ ಮೊದಲೇ ಕಡಿಮೆ. ತಲೆನೋವು, ಮಂಪರು ಶುರುವಾದಾಗ ಅದು ಸುಸ್ತು ಅಂದುಕೊಂಡು ಸುಮ್ಮನಾಗುವವರೇ ಜಾಸ್ತಿ.

ಹಾಗಾಗಿ ಈ ಹುಡುಕಾಟಕ್ಕೆ ಅಂಕಿ ತೋರಿಸುವ ಡಿಜಿಟಲ್ ಸಿಒ (ಕಾರ್ಬನ್ ಮಾನಾಕ್ಸೈಡ್) ಮೀಟರ್ ಬೇಕು. ಬಣ್ಣ ಬದಲಾಗುವ ಕಾರ್ಡ್ ನಿಧಾನ, ಹಳೆಯದಾದರೆ ನಂಬುವ ಹಾಗಿಲ್ಲ. ಅಮೆರಿಕದಲ್ಲಿ ಕೆಲಸದ ಜಾಗಗಳಿಗೆ ಇರುವ ಕಾನೂನು ಮಿತಿ 8 ಗಂಟೆಯ ಸರಾಸರಿ 50 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 50 ಪಾಲು. ಪರೀಕ್ಷೆ ಮಾಡುವಾಗ ಅಂಕಿ ಅದರ ಹತ್ತಿರ ಹೋದರೆ ಪರೀಕ್ಷೆ ಅಲ್ಲಿಗೇ ಸಾಕು. ಹೀಟರ್ ಮುಚ್ಚಿ, ತಾಜಾ ಗಾಳಿಯ ವೆಂಟ್ ತೆರೆದು, ಇಳಿಯಿರಿ.

ಮುಂದಿನಿಂದಲೋ, ಹಿಂದಿನಿಂದಲೋ

ಸುರಕ್ಷಿತ ಎತ್ತರದಲ್ಲಿ, ಸ್ಥಿರ ವೇಗದಲ್ಲಿ, ಜೊತೆಗೊಬ್ಬರನ್ನು ಕೂರಿಸಿಕೊಂಡು ಇದನ್ನು ಮಾಡಿ. ನೀವು ಹಾರಿಸಿ, ಅವರು ನೋಡಲಿ.

ಹೀಟರ್ ತೆರೆದು ಮೀಟರ್ ಓದಿ, ಆಮೇಲೆ ಮುಚ್ಚಿ ಓದಿ. ಮುಚ್ಚಿದ ಸ್ವಲ್ಪ ಹೊತ್ತಿಗೆ ಅಂಕಿ ಇಳಿದರೆ ತಪ್ಪು ಹೀಟರ್ ಮಫ್‌ನ ಒಳಗಿನ ಪೈಪಿನಲ್ಲಿದೆ. ಅದು ಬಾಲಕ್ಕಿಂತ ದೊಡ್ಡ ತೊಂದರೆ, ಮೊದಲು ಅದನ್ನು ಸರಿಮಾಡಿ. ಇಳಿಯದಿದ್ದರೆ ಮುಂದಿನ ಪರೀಕ್ಷೆ: ತಾಜಾ ಗಾಳಿಯ ವೆಂಟ್‌ಗಳನ್ನು ಪೂರ್ತಿ ತೆರೆಯಿರಿ. ವೆಂಟ್ ತೆರೆದರೆ ಕ್ಯಾಬಿನ್ ಒಳಗಿನ ಒತ್ತಡ ಏರುತ್ತದೆ, ಬಾಲದಿಂದ ಎಳೆಯುವುದು ಕಡಿಮೆಯಾಗುತ್ತದೆ. ಬೆನ್ನ ಹಿಂದಿನ ಗಾಳಿಯೂ ಸಿಒ ಅಂಕಿಯೂ ಒಟ್ಟಿಗೆ ಇಳಿದವು ಅಂದರೆ ಅನುಮಾನ ಹಿಂದಕ್ಕೇ ಹೋಗುತ್ತದೆ.

ಇನ್ನೂ ಖಾತ್ರಿ ಬೇಕಾದರೆ ಉಣ್ಣೆ ದಾರದ ತುಂಡುಗಳನ್ನು ಲಗೇಜ್ ಗೋಡೆಯ ಪ್ರತಿ ತೂತಿನ ಪಕ್ಕ ಟೇಪಿನಿಂದ ಅಂಟಿಸಿ. ಹಾರುವಾಗ ದಾರ ಮುಂದಕ್ಕೆ ಬಾಗಿದರೆ ಗಾಳಿ ಬಾಲದಿಂದ ಬರುತ್ತಿದೆ. ಯಾವ ತೂತಿನ ದಾರ ಜೋರಾಗಿ ಕುಣಿಯುತ್ತದೆ ಎಂದು ಫೋನಿನಲ್ಲಿ ವಿಡಿಯೊ ತೆಗೆದುಕೊಳ್ಳಿ. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಜನ ಯಾಕೋ ಕೊನೆಗೆ ಮಾಡುತ್ತಾರೆ, ಸೀಲಂಟ್ ಟ್ಯೂಬ್ ಎರಡು ಖಾಲಿಯಾದ ಮೇಲೆ.

ಗಾಳಿ ಹಿಂದಿನಿಂದ ಅಂತ ಗೊತ್ತಾದರೆ ನೆಲದ ಮೇಲೆ ಸಂದು ಹುಡುಕಿ. ಕತ್ತಲಾದ ಮೇಲೆ ಬಾಲದ ಟೊಳ್ಳಿನಲ್ಲಿ ಜೋರು ಬೆಳಕಿನ ಎಲ್‌ಇಡಿ ಟಾರ್ಚ್ ಇಟ್ಟು ಹೊರಗಿನಿಂದ ಸುತ್ತಿ ನೋಡಿ. ಬೆಳಕು ಕಾಣುವ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕುವ ಬದಲು ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿ. ಪೆನ್ಸಿಲ್‌ನ ಗ್ರಾಫೈಟ್ ಅಲ್ಯೂಮಿನಿಯಂಗೆ ತುಕ್ಕು ತರುತ್ತದೆ. ಬೆಳಕು ಕಾಣದ ಬಾಗಿದ ಸಂದುಗಳಿಗೆ ಸೋಪು ನೀರು ಒಳ್ಳೆಯದು. ಕ್ಯಾಬಿನ್ ಒಳಗೆ ಸಣ್ಣ ಬ್ಲೋವರ್‌ನಿಂದ ಮೆಲ್ಲಗೆ ಗಾಳಿ ಊದಿಸಿ. ಒತ್ತಡ ಏರದ ಹಾಗೆ ಒಂದು ವೆಂಟ್ ತೆರೆದೇ ಇರಲಿ. ಬಾಲದ ಅಂಚಿಗೆ ಸೋಪು ನೀರು ಸಿಂಪಡಿಸಿದರೆ ನೊರೆ ಎದ್ದ ಕಡೆ ಸಂದು ಇದೆ. ಎತ್ತರ, ವೇಗದ ಮೀಟರ್‌ಗಳಿಗೆ ಹೊರಗಿನ ಒತ್ತಡ ಮುಟ್ಟಿಸುವ ತೂತುಗಳಾದ ಸ್ಟಾಟಿಕ್ ಪೋರ್ಟ್‌ಗಳಿಗೆ ನೀರು ಹೋಗಬಾರದು, ಮೊದಲೇ ಟೇಪ್ ಹಾಕಿ, ಮುಗಿದ ಮೇಲೆ ನೆನಪಿಟ್ಟು ತೆಗೆಯಿರಿ. ಊದುಬತ್ತಿಯ ಹೊಗೆ ಹಿಡಿದು ನೋಡೋಣ ಅನಿಸುತ್ತದೆ. ಪೆಟ್ರೋಲ್ ಆವಿ ಇರುವ ಹ್ಯಾಂಗರ್‌ನಲ್ಲಿ ಅದು ಬೇಡವೇ ಬೇಡ.

ಸಿಕ್ಕಿದ ಸಂದುಗಳಲ್ಲಿ ತಪ್ಪಿತಸ್ಥ ಯಾವುದು ಎಂದು ತಿಳಿಯಲು ಒಂದೊಂದನ್ನೇ ತಾತ್ಕಾಲಿಕವಾಗಿ ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಿ ಹಾರಿ ನೋಡಿ. ಎಲ್ಲವನ್ನೂ ಒಟ್ಟಿಗೆ ಮುಚ್ಚಿದರೆ ಏನೂ ಕಲಿತಂತಾಗುವುದಿಲ್ಲ. ಟೇಪ್ ಅಲುಗಾಡದ ಭಾಗಗಳ ಮೇಲೆ ಮಾತ್ರ. ಎಲಿವೇಟರ್ ಅಥವಾ ರಡ್ಡರ್ ಸಂದಿನ ಹತ್ತಿರ ಟೇಪ್ ಹೋಗಲೇಬಾರದು. ಬಿಚ್ಚಿದ ಟೇಪ್ ಅಲ್ಲಿ ಸಿಕ್ಕಿಕೊಂಡರೆ ವಿಮಾನ ನಡೆಸುವ ಸ್ಟಿಕ್ ಅಲುಗದೆ ಹೋಗಬಹುದು.

ಅಂಚು ಕೂರುತ್ತಿಲ್ಲ

ಸಂದು ಸಿಕ್ಕ ತಕ್ಷಣ ಸೀಲಂಟ್ ಹಿಡಿಯಬೇಡಿ. ಮೊದಲು ಫೇರಿಂಗ್ ಸ್ಕ್ರೂ ಇಲ್ಲದೆ ತಾನಾಗಿ ಕೂರುತ್ತದಾ ನೋಡಿ. ಬರೀ ಕೈಯಲ್ಲಿ ಮೆಲ್ಲಗೆ ಒತ್ತಿದಾಗ ಅಂಚು ತಗಡಿಗೆ ತಾಗಬೇಕು. ಸ್ಕ್ರೂ ಬಿಗಿದು ಎಳೆದು ಕೂರಿಸಿದ ಫೇರಿಂಗ್ ಒಂದು ಕಡೆ ಕೂತು ಇನ್ನೊಂದು ಕಡೆ ಏಳುತ್ತದೆ. ಎರಡು ಸ್ಕ್ರೂಗಳ ನಡುವೆ ಬಾಯಿ ತೆರೆದ ಅಂಚು ಕಂಡರೆ ಕಾರಣ ಇದೇ.

ತಗಡಿನ ಮೇಲೆ ಸೀಮೆಸುಣ್ಣ ಬಳಿದು, ಫೇರಿಂಗ್ ಇಟ್ಟು ಒಂದು ಚೂರು ಅಲುಗಿಸಿ ತೆಗೆಯಿರಿ. ಒಳಮೈಯಲ್ಲಿ ಸುಣ್ಣ ಹತ್ತಿದ ಕಡೆ ಎತ್ತರವಿದೆ. ಆ ಎತ್ತರವೇ ಉಳಿದ ಅಂಚನ್ನು ಎತ್ತಿ ಹಿಡಿದಿರುತ್ತದೆ. ಜನ ಎದ್ದ ಅಂಚನ್ನೇ ನೋಡುತ್ತಾರೆ, ಅದನ್ನು ಎತ್ತಿದ ಉಬ್ಬು ಒಂದಡಿ ದೂರದಲ್ಲಿ, ಸಾಮಾನ್ಯವಾಗಿ ಫಿನ್ ಮುಂಭಾಗದ ಬಾಗಿನ ಒಳಗೆ, ಅಡಗಿರುತ್ತದೆ. ಅಲ್ಲಿ ಎಮರಿ ಪೇಪರ್‌ನಿಂದ ಸ್ವಲ್ಪ ಸ್ವಲ್ಪ ಉಜ್ಜಿ, ಮತ್ತೆ ಸುಣ್ಣ ಹಚ್ಚಿ ನೋಡಿ. ರಿವೆಟ್ ತಲೆ ತಾಗುತ್ತಿದ್ದರೆ ಫೇರಿಂಗ್ ಒಳಮೈಯಲ್ಲಿ ಆ ಜಾಗ ಕೆರೆಯಿರಿ. ರಿವೆಟ್ ಮುಟ್ಟಬೇಡಿ. ಗಾಜಿನ ನಾರಿನ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಇಲ್ಲದೆ ಉಜ್ಜಬೇಡಿ.

ಉಜ್ಜಿ ಸರಿಯಾಗದಷ್ಟು ಸೊಟ್ಟಗಿದ್ದರೆ ಕೊಯ್ಯುವುದೇ ವಾಸಿ. ಬಾಗು ಜಗ್ಗುತ್ತಿರುವ ಕಡೆ ಒಂದು ಸೀಳು ಹಾಕಿ, ಫೇರಿಂಗ್ ತನ್ನ ಜಾಗದಲ್ಲಿ ಒತ್ತಡವಿಲ್ಲದೆ ಕೂತ ಮೇಲೆ ಅಲ್ಲೇ ಹಿಡಿದಿಟ್ಟು, ಸೀಳಿಗೆ ಮೇಲಿನಿಂದ ತಾತ್ಕಾಲಿಕ ಹಿಡಿತ ಕೊಡಿ. ಆಮೇಲೆ ತೆಗೆದು ಒಳಮೈಗೆ ಎರಡು ಪದರ ಗಾಜಿನ ಬಟ್ಟೆ, ಎಪಾಕ್ಸಿ. ಕಿಟ್‌ನ ತುಂಡು ಪಾಲಿಯೆಸ್ಟರ್ ಆಗಿದ್ದರೂ ಚೆನ್ನಾಗಿ ಉಜ್ಜಿದರೆ ಎಪಾಕ್ಸಿ ಹಿಡಿಯುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಪುಟ್ಟಿಯನ್ನು ಅಷ್ಟು ನಂಬಬೇಡಿ. ಕಾರಿನ ಪುಟ್ಟಿ ಹಚ್ಚಿದ ಅಂಚು ಎರಡನೇ ಬೇಸಿಗೆಗೆ ಚಕ್ಕೆ ಏಳುವುದು ಇದರಿಂದಲೇ. ಕೆಲವು ಹಾರ್ಡನರ್‌ಗಳು ಗಟ್ಟಿಯಾದ ಮೇಲೆ ಮೇಣದಂಥ ಜಿಡ್ಡು ಬಿಡುತ್ತವೆ. ಮುಂದಿನ ಪದರಕ್ಕೆ ಮೊದಲು ನೀರಿನಲ್ಲಿ ತೊಳೆದು ಒರೆಸಿ, ಆಮೇಲೆ ಉಜ್ಜಿ. ಉಜ್ಜಿದ ಮೇಲೆ ತೊಳೆದರೆ ಜಿಡ್ಡು ಒಳಕ್ಕೆ ಇಳಿದಿರುತ್ತದೆ.

ಕೊನೆಯ ಒಂದೆರಡು ಮಿಲಿಮೀಟರ್ ಸಂದಿಗೆ ಇರುವ ಉಪಾಯ ಹಳೆಯದು, ಆದರೆ ಅದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ತಗಡಿಗೆ ಸುಕ್ಕಿಲ್ಲದ ಹಾಗೆ ಪ್ಯಾಕಿಂಗ್ ಟೇಪ್ ಅಂಟಿಸಿ, ಮೇಲೆ ಮೇಣ ಸವರಿ. ಎಪಾಕ್ಸಿಗೆ ಹತ್ತಿಯ ಪುಡಿ ಕಲಸಿ ಗಟ್ಟಿ ಹಿಟ್ಟಿನ ಹದಕ್ಕೆ ತಂದು, ಉಜ್ಜಿದ ಫೇರಿಂಗ್ ಅಂಚಿನ ಒಳಗೆ ಹಚ್ಚಿ, ಜಾಗದಲ್ಲಿ ಕೂರಿಸಿ. ಸ್ಕ್ರೂ ಬೆರಳಲ್ಲಿ ತಿರುಗಿಸುವಷ್ಟೇ ಬಿಗಿ ಇರಲಿ. ಹೊರಗೆ ಉಕ್ಕಿದ್ದನ್ನು ಒರೆಸಿ. ಗಟ್ಟಿಯಾದ ಮೇಲೆ ಫೇರಿಂಗ್ ಟೇಪಿನಿಂದ ಬಿಟ್ಟು ಬರುತ್ತದೆ, ಅಂಚಿಗೆ ನಿಮ್ಮ ತಗಡಿನದೇ ಅಚ್ಚು ಬಿದ್ದಿರುತ್ತದೆ. ಮೈಕ್ರೊಬಲೂನ್ (ಟೊಳ್ಳು ಗುಳ್ಳೆಗಳ ಹಗುರ ಪುಡಿ) ಕಲಸಿದ ಪೇಸ್ಟ್ ಉಜ್ಜಲು ಸುಲಭ, ಹಗುರ ಕೂಡ. ಆದರೆ ತೆಳು ಅಂಚಿಗೆ ಅದು ಬೇಡ, ಪುಡಿಯಾಗುತ್ತದೆ. ಅದು ಮೇಲ್ಮೈ ತುಂಬಲು ಮಾತ್ರ.

ಸ್ಕ್ರೂ ಹಿಂದೆ ಕಪ್ಪು ಗೆರೆ, ಇಲ್ಲವೇ ಗುಂಯ್‌ಗುಡುವ ಸದ್ದು

ಸ್ಕ್ರೂ ತಲೆಯಿಂದ ಹಿಂದಕ್ಕೆ ಹೊಗೆ ಬಿಟ್ಟಂತೆ ಕಪ್ಪು ಗೆರೆ ಕಂಡರೆ ಅಲ್ಲಿ ಲೋಹ ಲೋಹಕ್ಕೆ ಉಜ್ಜುತ್ತಿದೆ. ಆ ಕಪ್ಪು ಅಲ್ಯೂಮಿನಿಯಂ ಪುಡಿ. ಒರೆಸಿ, ಒಂದೆರಡು ಹಾರಾಟದ ನಂತರ ಮತ್ತೆ ನೋಡಿ. ಮತ್ತೆ ಬಂದರೆ ಬಿಗಿಸುವುದಕ್ಕೆ ಮೊದಲು ತೂತು ಮೊಟ್ಟೆಯಾಕಾರಕ್ಕೆ ಬಂದಿದೆಯಾ ನೋಡಿ. ತಗಡಿನ ಹಿಂದೆ ಕೂರಿಸಿದ ನಟ್, ಅಂದರೆ ನಟ್‌ಪ್ಲೇಟ್, ಸಡಿಲವಾಗಿದೆಯಾ ಅದನ್ನೂ ನೋಡಿ.

ಯಾವುದೋ ಒಂದು ವೇಗದಲ್ಲಿ ಮಾತ್ರ ಸದ್ದು ಬಂದು, ಅದಕ್ಕಿಂತ ಮೇಲೆ ಕೆಳಗೆ ನಿಂತರೆ ಅಂಚು ಬಡಿಯುತ್ತಿದೆ ಎಂದೇ ಮೊದಲು ಅನುಮಾನಿಸಿ. ಎರಡು ಸ್ಕ್ರೂ ನಡುವೆ ಹೆಬ್ಬೆರಳಿನಿಂದ ಒತ್ತಿ. ಡಬ್ಬಿಯ ಮುಚ್ಚಳದ ಹಾಗೆ ಟಕ್ ಎಂದು ಒಳಗೆ ಹೋಗಿ ಬಂದರೆ ಅಲ್ಲಿ ಫೇರಿಂಗ್ ತೆಳು. ಒಳಗೆ ಒಂದು ಪದರ ಬಟ್ಟೆ ಹಾಕಿ ಅಥವಾ ನಡುವೆ ಒಂದು ಸ್ಕ್ರೂ ಸೇರಿಸಿ. ಸ್ಕ್ರೂ ಸೇರಿಸುವವರು ಡ್ರಿಲ್ ಹಿಡಿಯುವ ಮೊದಲು ಹಿಂದೆ ಏನಿದೆ ನೋಡಲೇಬೇಕು. ಸ್ಪಾರ್‌ನ (ರೆಕ್ಕೆಯ ಒಳಗಿನ ಮುಖ್ಯ ತೊಲೆ) ಮಡಿಚಿದ ಅಂಚು ಇರಬಹುದು, ರಡ್ಡರ್ ಕೇಬಲ್ ಇರಬಹುದು, ಟ್ರಿಮ್ ವೈರ್ ಇರಬಹುದು. ತೂತಿನ ನಡುವಿನಿಂದ ಅಂಚಿಗೆ ಲೋಹದಲ್ಲಿ ತೂತಿನ ವ್ಯಾಸದ ಕನಿಷ್ಠ 2 ಪಟ್ಟು, ಫೈಬರ್‌ಗ್ಲಾಸ್‌ನಲ್ಲಿ 3 ಪಟ್ಟು ಜಾಗ ಬಿಡಿ.

ಸ್ಕ್ರೂ ಸುತ್ತ ನಕ್ಷತ್ರದ ಥರ ಬಿರುಕು ಬಿಟ್ಟಿದ್ದರೆ ಎರಡು ಕಾರಣ. ಒಂದು, ಜಾಸ್ತಿ ಬಿಗಿ. ಇಳಿಜಾರು ತಲೆಯ ಸ್ಕ್ರೂ ಆಪಿನಂತೆ ಫೈಬರ್‌ಗ್ಲಾಸನ್ನು ಸೀಳುತ್ತದೆ. ಬಟ್ಟಲು ವಾಷರ್ ಹಾಕಿ. ಇನ್ನೊಂದು, ತೂತು ಸ್ಕ್ರೂಗೆ ತೀರಾ ಸರಿಯಾಗಿ ಇರುವುದು. 1 ಮೀಟರ್ ಉದ್ದದ ಅಲ್ಯೂಮಿನಿಯಂ 40 ಡಿಗ್ರಿ ಬಿಸಿಯಾದರೆ ಸುಮಾರು 0.9 ಮಿ.ಮೀ. ಹಿಗ್ಗುತ್ತದೆ. ಫೈಬರ್‌ಗ್ಲಾಸ್ ಅಷ್ಟು ಹಿಗ್ಗುವುದಿಲ್ಲ. ಬಿಸಿಲಲ್ಲಿ ನಿಂತ ವಿಮಾನ ಮೇಲೆ ಹೋಗಿ ತಣ್ಣಗಾದಾಗ ಆ ವ್ಯತ್ಯಾಸ ಬೀಳುವುದು ಸ್ಕ್ರೂ ತೂತುಗಳ ಮೇಲೆ. ತೂತು ಒಂದು ಚೂರು ದೊಡ್ಡದಿರಲಿ.

ಈಗ ಸೀಲ್

ಫೇರಿಂಗ್ ತಾನಾಗಿ ಕೂರುವಂತಾದ ಮೇಲೆ ಉಳಿಯುವುದು ಕೂದಲೆಳೆಯಷ್ಟು ಸಂದು. ಅದಕ್ಕೆ ತೆಳುವಾದ ರಬ್ಬರ್ ತುಟಿ ಸಾಕು. ದಪ್ಪ ಫೋಮ್ ಪಟ್ಟಿ ಹಾಕಿದರೆ ಅದು ಅಂಚನ್ನು ಮತ್ತೆ ಎತ್ತುತ್ತದೆ, ಸ್ಕ್ರೂ ಹೆಚ್ಚು ಬಿಗಿಯಬೇಕಾಗುತ್ತದೆ, ಬಿರುಕು ಮತ್ತೆ ಶುರು. ಫೋಮ್ ಬಳಸುವುದೇ ಆದರೆ ನೀರು ಕುಡಿಯದ ನಿಯೊಪ್ರೀನ್ ಬಳಸಿ. ಹಾಸಿಗೆಯ ಸ್ಪಂಜಿನಂಥದ್ದು ನೀರು ಹಿಡಿದಿಟ್ಟು ಅಲ್ಯೂಮಿನಿಯಂ ತಿನ್ನಿಸುತ್ತದೆ.

ತುಟಿಯನ್ನು ಜಾಗದಲ್ಲೇ ಅಚ್ಚು ಹಾಕಬಹುದು. ಮತ್ತೆ ಅದೇ ಪ್ಯಾಕಿಂಗ್ ಟೇಪ್ ಉಪಾಯ, ಈ ಸಲ ಅಂಚಿನ ಒಳಗೆ ಸೀಲಂಟ್‌ನ ಸಣ್ಣ ಗೆರೆ. ಗಟ್ಟಿಯಾದ ಮೇಲೆ ತುಟಿ ಫೇರಿಂಗ್‌ಗೆ ಅಂಟಿರುತ್ತದೆ, ತಗಡಿಗೆ ಬರೀ ತಾಗುತ್ತದೆ. ಸಿಲಿಕೋನ್ ಆದರೆ ವಿನೆಗರ್ ವಾಸನೆ ಬರುವುದು ಬೇಡ, ಅದರಿಂದ ಬರುವ ಆಮ್ಲ ಅಲ್ಯೂಮಿನಿಯಂ ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ತನ್ನಿ. ಯಾವುದೇ ಸಿಲಿಕೋನ್ ಆದರೂ ಪೇಂಟಿಂಗ್ ಪೂರ್ತಿ ಮುಗಿದ ಮೇಲೆ. ಅದರ ಜಿಡ್ಡು ತಾಗಿದ ಕಡೆ ಬಣ್ಣ ಮೀನಿನ ಕಣ್ಣಿನ ಥರ ಗುಳಿ ಬೀಳುತ್ತದೆ. ಫೇರಿಂಗ್ ತಾಗುವ ಉದ್ದಕ್ಕೂ ತಗಡಿನ ಮೇಲೆ ಯುಎಚ್‌ಎಂಡಬ್ಲ್ಯೂ ಎಂಬ ನುಣುಪಾದ, ಬೇಗ ಸವೆಯದ ಪ್ಲಾಸ್ಟಿಕ್ ಟೇಪ್ ಹಾಕಿ. ಇಲ್ಲದಿದ್ದರೆ ಅಂಚು ಮೊದಲು ಬಣ್ಣವನ್ನು, ಆಮೇಲೆ ತಗಡಿನ ಮೇಲಿನ ತೆಳು ರಕ್ಷಣೆಯ ಪದರವನ್ನು ತಿಂದುಬಿಡುತ್ತದೆ.

ಫೇರಿಂಗನ್ನು ಅಂಟಿಸಿಬಿಟ್ಟರೆ ಸೋರಿಕೆಯೇ ಇರುವುದಿಲ್ಲ ಎಂದು ವಾದಿಸುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಸ್ಟೆಬಿಲೈಸರ್ ಮತ್ತು ಫಿನ್ ಹಿಡಿದಿರುವ ಬೋಲ್ಟ್‌ಗಳು ಅದರ ಕೆಳಗೇ ಇವೆ. 2014ರಲ್ಲಿ ವ್ಯಾನ್ಸ್ ಆರ್‌ವಿ-6, 7, 8ರ ಸ್ಟೆಬಿಲೈಸರ್ ಮುಂದಿನ ಸ್ಪಾರ್‌ನಲ್ಲಿ ಬಿರುಕು ಹುಡುಕಬೇಕೆಂದು ಸರ್ವೀಸ್ ಬುಲೆಟಿನ್ ಹೊರಡಿಸಿತು. ಅಂಥದ್ದನ್ನು ನೋಡಬೇಕಾದರೆ ಫೇರಿಂಗ್ ಬಿಚ್ಚಲು ಬರಬೇಕು.

ಎಲಿವೇಟರ್ ಹಾರ್ನ್‌ನ ಸೀಳನ್ನು ಪೂರ್ತಿ ಮುಚ್ಚಲು ಆಗುವುದಿಲ್ಲ. ಅಲ್ಲಿ ಚಲನೆ ಇದೆ. ಅದಕ್ಕೆ ತಡೆ ಒಳಗೆ ಹಾಕಬೇಕು: ಲಗೇಜ್ ಗೋಡೆಯಲ್ಲಿ, ಸ್ಟಿಕ್‌ನ ಚಲನೆಯನ್ನು ಎಲಿವೇಟರ್‌ಗೆ ಒಯ್ಯುವ ಪುಶ್‌ರಾಡ್ ಹಾದುಹೋಗುವ ತೂತಿಗೆ ಸಡಿಲವಾದ ಬಟ್ಟೆಯ ಚೀಲ. ಸ್ಟಿಕ್ ಕೊನೆಯಿಂದ ಕೊನೆಗೆ ಹೋಗುವಾಗ ಬಟ್ಟೆ ಎಲ್ಲೂ ಜಗ್ಗಬಾರದು, ಮಡಚಿ ಸಿಕ್ಕಿಕೊಳ್ಳಬಾರದು.

ನೀರು, ತೂಕ, ತುದಿಗಳು

ಹೊರಗೆ ನಿಲ್ಲಿಸುವ ವಿಮಾನದಲ್ಲಿ ಬಾಲದೊಳಗೆ ನೀರು ನಿಂತರೆ ನೀರಿಳಿಯುವ ತೂತು ತಪ್ಪು ಜಾಗದಲ್ಲಿದೆ. ಆರ್‌ವಿ-7 ಬಾಲದ ಚಕ್ರದ ಮೇಲೆ ಕೂರುತ್ತದೆ, 7ಎ ಮೂಗಿನ ಚಕ್ರದ ಮೇಲೆ ಹೆಚ್ಚುಕಡಿಮೆ ಸಮವಾಗಿ ನಿಲ್ಲುತ್ತದೆ. ಎರಡರ ತಗ್ಗು ಬೇರೆ ಬೇರೆ. ಬೇರೊಬ್ಬರ ವಿಮಾನ ನೋಡಿ ತೂತು ಕೊರೆಯಬೇಡಿ, ನಿಮ್ಮ ವಿಮಾನ ನಿಂತಿರುವಾಗ ಒಂದು ಲೋಟ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ರಡ್ಡರ್ ಬುಡದ ಫೇರಿಂಗ್‌ಗೂ ತೂತು ಬೇಕು. ಅಲ್ಲಿ ನಿಂತ ನೀರು ಮೇಲೆ ಹೋದಾಗ ಮಂಜುಗಡ್ಡೆಯಾದರೆ ರಡ್ಡರ್‌ನ ತೂಕದ ಸಮತೋಲನವೇ ಬದಲಾಗುತ್ತದೆ.

ಬಾಲದಲ್ಲಿ ಪೇಸ್ಟ್ ಸುರಿಯುವವರು ಒಂದು ಲೆಕ್ಕ ಹಾಕಿ. ಖಾಲಿ ವಿಮಾನ ಸುಮಾರು 500 ಕೆ.ಜಿ. ಗುರುತ್ವ ಕೇಂದ್ರದಿಂದ 3.5 ಮೀಟರ್ ಹಿಂದೆ 1 ಕೆ.ಜಿ. ಸೇರಿಸಿದರೆ ಕೇಂದ್ರ ಸುಮಾರು 7 ಮಿ.ಮೀ. ಹಿಂದಕ್ಕೆ ಹೋಗುತ್ತದೆ. ಚಲಿಸುವ ತುದಿಗಳ ಮಾತು ಇನ್ನೂ ಗಂಭೀರ. ಎಲಿವೇಟರ್ ಅಥವಾ ರಡ್ಡರ್‌ನಲ್ಲಿ ಹಿಂಜ್‌ನ ಹಿಂದೆ ಸೇರಿದ ಪುಟ್ಟಿ, ಬಣ್ಣ ಎಲ್ಲವೂ ಫ್ಲಟರ್ ಕಡೆಗೆ, ಅಂದರೆ ಆ ಭಾಗ ಗಾಳಿಯಲ್ಲಿ ಹತೋಟಿ ಮೀರಿ ಬಡಿದಾಡುವ ಕಡೆಗೆ, ತಳ್ಳುತ್ತವೆ. ತುದಿಗೆ ಕೆಲಸ ಮಾಡಿದ್ದರೆ ಆ ಭಾಗವನ್ನು ಬಿಚ್ಚಿ, ಪ್ಲಾನ್‌ನಲ್ಲಿ ಹೇಳಿದ ಹಾಗೆ ಮತ್ತೆ ಬ್ಯಾಲೆನ್ಸ್ ನೋಡದೆ ಹಾರಬೇಡಿ.

ಹಾರುವ ಮೊದಲು

ಎಲ್ಲ ಫೇರಿಂಗ್ ಹಾಕಿ, ಎಲ್ಲ ಸ್ಕ್ರೂ ಬಿಗಿದ ಮೇಲೆ ಸ್ಟಿಕ್ ಮತ್ತು ಪೆಡಲನ್ನು ನಾಲ್ಕು ಮೂಲೆಗೂ ತೆಗೆದುಕೊಂಡು ಹೋಗಿ: ಎಲಿವೇಟರ್ ಪೂರ್ತಿ ಮೇಲೆ ಇರುವಾಗ ರಡ್ಡರ್ ಎಡ, ಬಲ, ಪೂರ್ತಿ ಕೆಳಗೆ ಇರುವಾಗ ಮತ್ತೆ ಎಡ, ಬಲ. ಬಾಲದ ಹತ್ತಿರ ಒಬ್ಬರು ನಿಂತು ಫೇರಿಂಗನ್ನು ಕೈಯಿಂದ ಒಳಕ್ಕೆ ಒತ್ತಿ ಹಿಡಿದಿರಲಿ, ಗಾಳಿ ಅದನ್ನು ಹಾಗೇ ಒತ್ತುತ್ತದೆ. ಆಗಲೂ ಹಾರ್ನ್ ಎಲ್ಲೂ ತಾಗಬಾರದು. ಸ್ಟೆಬಿಲೈಸರ್ ತುದಿ ಮತ್ತು ಎಲಿವೇಟರ್ ತುದಿಯ ನಡುವೆ ಸುಮಾರು 3 ಮಿ.ಮೀ. ಸಂದು ಕೊನೆಯಿಂದ ಕೊನೆಗೆ ಉಳಿದಿರಬೇಕು. ಎಲ್ಲಾದರೂ ಉಜ್ಜಿದ ಸದ್ದು ಕೇಳಿದರೆ ಬಿಚ್ಚಿ, ಅಲ್ಲಿ ಕೆರೆದು, ನಾಲ್ಕೂ ಮೂಲೆ ಮತ್ತೆ ಮೊದಲಿನಿಂದ ನೋಡಿ. ಮೊದಲ ಹಾರಾಟದಲ್ಲಿ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ. ಇಳಿದ ಮೇಲೆ ಬಣ್ಣದ ಗೀರು, ಸ್ಕ್ರೂ ಹಿಂದಿನ ಗೆರೆ, ಸಿಒ ಮೀಟರ್‌ನ ಗರಿಷ್ಠ ಅಂಕಿ, ಈ ಮೂರನ್ನೂ ಲಾಗ್‌ಬುಕ್ಕಿನಲ್ಲಿ ಬರೆದಿಡಿ.